ಯಾಕೂಬಸಾಬರ ಖುರಾಕು

ಯಾಕೂಬಸಾಬರು ಸೊಸೆಯ ಎದುರು ಪಣ ಕಟ್ಟಿದ್ದರು. ಪಣಕ್ಕೆ ಇಟ್ಟದ್ದು ಬೇರೆ ಏನನ್ನೂ ಅಲ್ಲ, ಹನ್ನೆರಡು ವರ್ಷದ ಮೊಮ್ಮಗ ಅಲ್ತಮಶನನ್ನೇ! ಗೆದ್ದರೆ ಹುಡುಗ ರಾಮದುರ್ಗದ ಮನೆಯಲ್ಲಿ ಅಜ್ಜನ ಕಣ್ಣೆದುರು ಉಳಿಯುತ್ತಾನೆ, ಸೋತರೆ ಸೊಸೆ ಹೇಳಿದ್ದೇ ಕಾಯ್ದೆ. ಆದರೆ ಸೋಲಿನ ವಿಚಾರ ಯಾಕೂಬಸಾಬರ ತಲೆಯಲ್ಲಿ ಸುಳಿಯಲೂ ಇಲ್ಲ. ಸುಳಿಯುವುದಾದರೂ ಹೇಗೆ? ಒಂದು ಕಾಲಕ್ಕೆ ಸವದತ್ತಿಯಿಂದ ಕಿತ್ತೂರಿನವರೆಗೆ ಅವರ ಹೆಸರು ಕೇಳಿದರೆ ಎದುರಾಳಿಗಳು ಲಂಗೋಟಿ ಬಿಗಿದುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು. ಕುಸ್ತಿ ಬಿಟ್ಟು ಲಾರಿ ಹೊಡೆದು, ಆ ಲಾರಿಯನ್ನೂ ಮಗ ಸರ್ಫರಾಜನ ಕೈಗೆ ಕೊಟ್ಟು ಮನೆಯಲ್ಲಿ ಕುಳಿತು ಎಷ್ಟೋ ಕಾಲವಾಗಿತ್ತು. ಮೊಣಕಾಲುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಗತ್ತಿಗೆ ಮಾತ್ರ ಏನೂ ಆಗಿರಲಿಲ್ಲ. ಊರಿನವರು ಇವತ್ತಿಗೂ ಅವರನ್ನು ಪೈಲ್ವಾನರು ಎಂದೇ ಕರೆಯುತ್ತಿದ್ದರು.

ಈ ಪಣಕ್ಕೆಲ್ಲ ಕಾರಣ ದಿನಾ ಬೆಳಗಿನ ಒಂದು ದೊಡ್ಡ ಲೋಟ ಹಾಲು.

ಹಾಲು ಅಂದರೆ ಬರೀ ಹಾಲೇ? ಪೈಲ್ವಾನರ ಖುರಾಕು ಅದು! ರಾತ್ರಿ ನೆನೆಹಾಕಿದ ಬಾದಾಮಿಯ ಸಿಪ್ಪೆಯನ್ನು ಬೆಳಗಿನ ನಮಾಜು ಮುಗಿದ ಕೂಡಲೇ ಯಾಕೂಬಸಾಬರು ತಾವೇ ಕೂತು ಸುಲಿಯುತ್ತಿದ್ದರು. ಗಸಗಸೆ ಸೇರಿಸಿ ಒಳಕಲ್ಲಿನಲ್ಲಿ ನುಣ್ಣಗೆ ಅರೆದು, ಗಟ್ಟಿ ಎಮ್ಮೆಹಾಲಿಗೆ ಕಲಸಿ, ಕೈ ಬಿಗಿಹಿಡಿಯದೆ ತುಪ್ಪ ಬೆಲ್ಲ ಸುರಿದು ಮೊಮ್ಮಗನ ಎದುರಿಗಿಡುತ್ತಿದ್ದರು. ಹುಡುಗ ಕುಡಿಯುವವರೆಗೂ ಅವನ ಮುಂದೆ ಮಣೆ ಹಾಕಿಕೊಂಡು ಕೂಡುತ್ತಿದ್ದರು. ಲೋಟದ ತಳ ಕಂಡಾಗ "ಶಾಬ್ಬಾಸ್ ನನ್ನ ಹುಲಿ!" ಎಂದು ಅವನ ಬೆನ್ನು ಚಪ್ಪರಿಸುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಹುಡುಗ ಮೈ ತುಂಬಿಕೊಂಡಷ್ಟೂ ಅಜ್ಜನ ಮೀಸೆ ಮೇಲೇರುತ್ತಿತ್ತು. ತಮ್ಮ ನಂತರ ಮನೆಯಲ್ಲಿ ಇನ್ನೊಬ್ಬ ಪೈಲ್ವಾನ ಎದ್ದು ನಿಲ್ಲುತ್ತಾನೆ ಎಂದು ಅವರು ಎಲ್ಲರ ಮುಂದೆ ಹೇಳಿಯಾಗಿತ್ತು.

ಖುರಾಕಿನ ಮಾತು ಸರಿಯಪ್ಪಾ, ಕಸರತ್ತಿನ ಮಾತು? ಹಾಲು ಕುಡಿದ ಅಲ್ತಮಶ ಅಜ್ಜನ ಸ್ಕೂಟರಿನ ಹಿಂದೆ ಕೂತು ಶಾಲೆಗೆ ಹೋಗುತ್ತಿದ್ದ. ಶಾಲೆಯೇನು ಪರವೂರಿನಲ್ಲಿತ್ತೇ? ಪೇಟೆ ದಾಟಿದರೆ ಅದರ ಗೇಟು. ಸಂಜೆ ಟ್ಯೂಷನ್ನಿಗೆ ಮತ್ತೆ ಸ್ಕೂಟರು. ಮನೆಗೆ ಬಂದರೆ ಕೈಯಲ್ಲಿ ಮೊಬೈಲು, ಮಡಿಲಲ್ಲಿ ಚಿಪ್ಸಿನ ಪಾಕೀಟು. ಅಜ್ಜ ಪೇಟೆಯಿಂದ ಬರುವಾಗ ಕರದಂಟು ಇಲ್ಲವೇ ಬೇಕರಿಯ ಖಾರಿ ತಂದೇ ತರುತ್ತಿದ್ದರು. ಇನ್ನು ಮಲಗುವುದು ಮೊಬೈಲಿನ ಬ್ಯಾಟರಿ ಸತ್ತ ಮೇಲೆ. ಹೊಲದ ಕೆಲಸಕ್ಕೆ ಹಚ್ಚುವ ಎತ್ತಿಗೆ ಹಾಕುವ ಮೇವನ್ನು ಕೊಟ್ಟಿಗೆ ಬಿಟ್ಟು ಏಳದ ಎತ್ತಿಗೆ ಹಾಕಿದಂತೆ ನಡೆದಿತ್ತು ಸಂಗತಿ. ಇಷ್ಟು ದೊಡ್ಡ ಪೈಲ್ವಾನರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಪ್ರೀತಿಯ ಭರದಲ್ಲಿ ಮರೆತುಬಿಟ್ಟಿದ್ದರು, ಅಷ್ಟೇ.

ಮರೆಯದೆ ನೋಡುತ್ತಿದ್ದವಳು ಸೊಸೆ ಅಂಬರೀನ. ಮಗನ ಕತ್ತಿನ ಹಿಂದೆ ಕಪ್ಪು ಪಟ್ಟಿಯೊಂದು ಮೂಡಿತ್ತು. ಕೊಳೆಯೆಂದುಕೊಂಡು ಅವಳು ಕಡ್ಲಿಹಿಟ್ಟು ಹಚ್ಚಿ ತಿಕ್ಕಿದಳು, ನಿಂಬೆಹಣ್ಣು ಹಚ್ಚಿ ತಿಕ್ಕಿದಳು, ಹುಡುಗ ಉರಿಯೆಂದು ಅತ್ತರೂ ಬಿಡದೆ ತಿಕ್ಕಿದಳು. ಪಟ್ಟಿ ಹೋಗಲಿಲ್ಲ. ಮೆಟ್ಟಿಲು ಹತ್ತಿದರೆ ಹುಡುಗ ಏದುಸಿರು ಬಿಡುತ್ತಿದ್ದ, ರಾತ್ರಿ ಗೊರಕೆ ಹೊಡೆಯುತ್ತಿದ್ದ. ಬೇಸಿಗೆ ರಜೆ ಶುರುವಾದ ವಾರ ಗಂಡನನ್ನು ಹೊರಡಿಸಿಕೊಂಡು ಮಗನನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ರಕ್ತ ಪರೀಕ್ಷೆ ಆಯಿತು. ಮನೆಗೆ ಬಂದವಳು ಬುರ್ಖಾ ಕೂಡ ತೆಗೆಯದೆ ಮಾವನ ಮುಂದೆ ನಿಂತಳು.

"ಮಾಮಾ, ನಾ ಇಷ್ಟ ದಿವ್ಸ ಹೊಲಸ ಅಂತ ತಿಳದು ತಿಕ್ಕಿದ್ದು ಹೊಲಸಲ್ಲಂತ್ರಿ. ಮೈಯಾಗ ಶುಗರ್ ಬರಾಕ ದಾರಿ ಹಿಡದೈತಿ ಅನ್ನೂ ಗುರ್ತಂತ ಅದು. ಲಿವರ್‌ನ್ಯಾಗೂ ಕೊಬ್ಬ ಕೂಡೇತಿ ಅಂದ್ರು."

ಯಾಕೂಬಸಾಬರು ಗಹಗಹಿಸಿ ನಕ್ಕರು. "ಹಾಲಗಲ್ಲದ ಹುಡುಗಗ ಎಲ್ಲಿ ಶುಗರ್ ಬೇಟಿ! ಆ ಡಾಕ್ಟರಮ್ಮಗ ಪೈಲ್ವಾನರ ಮೈ ಅಂದ್ರ ಏನ ಗೊತ್ತು? ನಮ್ಮ ಮನೆತನದ ಎಲುಬ ದಪ್ಪ."

"ಶುಗರ್ ಎಲುಬಿಗೆ ಬರೂದಿಲ್ರಿ ಮಾಮಾ, ರಕ್ತಕ್ಕ ಬರತೈತಿ. ಇನ್ನೂ ಬಂದಿಲ್ಲ, ಅಂಚಿನ ಮ್ಯಾಲೆ ಐತಿ ಅಂದಾರ. ಗುಳಿಗಿ ಬ್ಯಾಡ, ಈಗ ರೂಢಿ ಬದಲ ಮಾಡಿದ್ರ ಹುಡುಗ ಬೆಳಕೋತ ಸುದ್ದ ಆಗತಾನ ಅಂದ್ರು. ಮೊಬೈಲ ಕೊಟ್ಟಾಕಿ ನಾನ. ನನ್ನ ತಪ್ಪ ನಾ ಒಪ್ಪಿಕೊಂಡೇನಿ, ಇವತ್ತಿಂದ ಅದು ಕಪಾಟಿನ್ಯಾಗ. ಇನ್ನ ಈ ಖುರಾಕ ನೀವು ಬಂದ್ ಮಾಡ್ರಿ."

ಖುರಾಕು ಬಂದ್! ಯಾಕೂಬಸಾಬರ ಮುಖ ಕೆಂಡವಾಯಿತು. "ನನ್ನ ಮನ್ಯಾಗ ನನ್ನ ಮೊಮ್ಮಗ ಹಾಲ ಕುಡಿಯೂದು ತಪ್ಪ ಆತು?" ಎಂದು ಗುಡುಗಿದರು. ಅವರ ಹೆಂಡತಿ ಹುಸೇನಮಾ ಒಳಗಿನಿಂದ, "ಆಕಿ ಹೇಳೂದು ಒಂದೀಟ ಕೇಳ್ರಿ, ಒದರಿದ್ರ ರಕ್ತದಾಗಿನ ಶುಗರ್ ಇಳೀತೈತೇನು?" ಎಂದಳು. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಅಂಬರೀನ ದನಿ ಏರಿಸಲಿಲ್ಲ. ಬುರ್ಖಾದ ಮುಸುಕು ತಲೆಯ ಮೇಲೆ ಸರಿಮಾಡಿಕೊಂಡು ಹೇಳಿದಳು: "ನಿಮ್ಮ ಮಾತ ಮೀರಾಕಿ ನಾ ಅಲ್ರಿ. ಆದ್ರ ಹುಡುಗ ನಂದೂ ಹೌದು. ಸಾಲಿ ಸುರು ಆಗೂದ್ರಾಗ ಖುರಾಕ ನಿಲ್ಲಲಿಲ್ಲಂದ್ರ ಅವನ್ನ ಸಂಪಗಾಂವಿಗೆ ನಮ್ಮ ತವರಮನಿಗೆ ಕಳಸತೇನಿ. ಅಲ್ಲೇ ಸಾಲಿಗೆ ಹೋಗ್ತಾನ. ಇವರೂ ಹೂಂ ಅಂದಾರ."

ಸರ್ಫರಾಜ ಅಪ್ಪನ ಮುಖ ನೋಡದೆ ಲಾರಿಯ ಕೀಲಿ ತಿರುಗಿಸುತ್ತ ನಿಂತಿದ್ದ. ಆ ಹುಡುಗನಿಲ್ಲದ ಮನೆಯಲ್ಲಿ ಬೆಳಿಗ್ಗೆ ಎದ್ದು ಯಾಕೂಬಸಾಬರು ಮಾಡುವುದಾದರೂ ಏನಿತ್ತು? ಆದರೆ ಹೆದರಿದೆನೆಂದು ತೋರಿಸಿಕೊಂಡರೆ ಅವರು ಯಾಕೂಬಸಾಬರೇ ಅಲ್ಲ.

"ಕೇಳ ಹಂಗಾದ್ರ," ಎಂದರು ತೊಡೆ ತಟ್ಟಿ. "ತೊರಗಲ್ಲದಾಗ ಉಳವಪ್ಪ ಅದಾನ. ನನ್ನ ಜೋಡಿ ಒಂದ ಕಣದಾಗ ಬೆಳದಾಂವ, ಈಗ ಗರಡಿ ನಡಸ್ತಾನ. ಹುಡುಗನ್ನ ಅವನ ಮುಂದ ನಿಂದರಸ್ತೇನಿ. ಇದು ಪೈಲ್ವಾನನ ಮೈ ಅಂತ ಅಂವ ಅಂದ್ರ ಖುರಾಕಿನ ಮಾತ ನೀ ಮುಂದ ತಗೀಬಾರ್ದು, ಹುಡುಗ ಇಲ್ಲೇ ಇರಬೇಕು. ಅಲ್ಲ ಅಂದ್ರ ನೀ ಹೇಳಿದಂಗ, ಬೇಕಾದ್ರ ಸಂಪಗಾಂವಿಗೆ ಕಳಸು."

ಅಂಬರೀನ ಮಾವನ ಕಣ್ಣಲ್ಲಿ ಕಣ್ಣಿಟ್ಟು, "ಆತ್ರಿ," ಎಂದಳು.

ಮರುದಿನ ಬೆಳಿಗ್ಗೆ ಅಜ್ಜ ಮೊಮ್ಮಗ ಇಬ್ಬರೂ ಸ್ಕೂಟರು ಏರಿ ಹೊರಟರು. ಹೊರಡುವ ಮುಂಚೆ ಅಲ್ತಮಶನಿಗೆ ಒಂದಲ್ಲ, ಎರಡು ಲೋಟ ಖುರಾಕು! ಪರೀಕ್ಷೆಯ ದಿನವಲ್ಲವೇ, ಹುಡುಗನ ಮುಖದಲ್ಲಿ ಕಳೆ ಬರಬೇಡವೇ? ಎರಡನೆಯ ಲೋಟ ಅರ್ಧಕ್ಕೆ ಬಂದಾಗ ಹುಡುಗ ಒಮ್ಮೆ ನಿಲ್ಲಿಸಿ ಅಜ್ಜನ ಮುಖ ನೋಡಿದ. ಅಜ್ಜ ಹುಬ್ಬು ಹಾರಿಸಿದರು. ಹುಡುಗ ಕಣ್ಣು ಮುಚ್ಚಿ ಮುಗಿಸಿದ. ದಾರಿಯುದ್ದಕ್ಕೂ ಯಾಕೂಬಸಾಬರು ತಮ್ಮ ಹಳೆಯ ಕುಸ್ತಿಗಳನ್ನೆಲ್ಲ ಒಂದೊಂದಾಗಿ ಹೇಳುತ್ತ ಗಾಡಿ ಓಡಿಸಿದರು, ಹಿಂದಿನಿಂದ ಹುಡುಗ ಹೂಂಗುಟ್ಟುತ್ತಿದ್ದ.

ತೊರಗಲ್ಲ ಕೋಟೆಯ ಗೋಡೆಯ ಬುಡದಲ್ಲಿ, ಬೇವಿನ ಮರದ ಪಕ್ಕಕ್ಕೆ ಉಳವಪ್ಪನ ಗರಡಿ. ಒಳಗೆ ಕೆಂಪು ಮಣ್ಣಿನ ಕಣ. ಹತ್ತು ಹನ್ನೆರಡು ಹುಡುಗರು ಬಸ್ಕಿ ಹೊಡೆಯುತ್ತಿದ್ದರು. ಉಳವಪ್ಪ ಹಣೆಗೆ ವಿಭೂತಿ ಬಳಿದುಕೊಂಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದ. ವಯಸ್ಸು ಯಾಕೂಬಸಾಬರಷ್ಟೇ. ಆದರೆ ಮೈಯಲ್ಲಿ ಒಂದು ಹಿಡಿ ಹೆಚ್ಚಿನ ಮಾಂಸವಿರಲಿಲ್ಲ.

"ಏ ಯಾಕೂಬ್ಯಾ! ಇನ್ನೂ ಉಳದೀಯೇನೋ?"

"ನಿನ್ನ ಕಳಿಸೇ ಹೋಗಬೇಕಂತ ಉಳದೇನಿ."

ಇಬ್ಬರೂ ತಬ್ಬಿಕೊಂಡು ಬೆನ್ನು ಗುದ್ದಿಕೊಂಡರು. ಚಹಾ ಬಂತು. ಯಾಕೂಬಸಾಬರು ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ಮುಂದೆ ದೂಡಿದರು. "ನೋಡಿ ಹೇಳ. ಬಾಯಿಮಾತಿಗೆ ಹೇಳಬ್ಯಾಡ, ಕುಸ್ತಿ ಕಲಸೂ ವಸ್ತಾದ ಆಗಿ ಹೇಳ."

ಉಳವಪ್ಪ ಚಹಾ ಪಕ್ಕಕ್ಕಿಟ್ಟ. ಕುದುರೆ ಕೊಳ್ಳುವವನ ಹಾಗೆ ಸುತ್ತ ಒಂದು ಸುತ್ತು ಬಂದ. ಹುಡುಗನ ಮುಂಗೈ ಹಿಡಿದು ತಿರುಗಿಸಿದ, ಹೆಗಲ ಅಗಲವನ್ನು ಗೇಣಿನಿಂದ ಅಳೆದ, ಹಿಮ್ಮಡಿ ಒತ್ತಿ ನೋಡಿದ. ಅಲ್ತಮಶ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ. ಕೊನೆಗೆ ಉಳವಪ್ಪ ತಲೆಯಾಡಿಸಿ ಹೇಳಿದ:

"ಮುಂಗೈ ಚಲೋ ಐತಿ. ಹೆಗಲ ಅಗಲ ಅದಾವ. ಎಲುಬ ನಿಂದ ಐತಿ ನೋಡು. ಪೈಲ್ವಾನನ ಮೈನ ಇದು."

ಅಲ್ಲಾಹ್! ಯಾಕೂಬಸಾಬರಿಗೆ ಕುಣಿದಾಡುವಷ್ಟು ಸಂತೋಷವಾಯಿತು. ಇನ್ನೇನು ಬೇಕು! ಜೇಬಿಗೆ ಕೈಹಾಕಿ ಫೋನು ತೆಗೆದರು, ಅಂಬರೀನಳಿಗೆ ಈಗಿಂದೀಗಲೇ ಹೇಳಬೇಕು. ಉಳವಪ್ಪ ಅವರ ಕೈ ಹಿಡಿದ. "ಗಡಿಬಿಡಿ ಯಾಕ? ಮೈ ನೋಡಿಸಿಕೊಂಡಾಂವ ಕಣ ಅಗೀದ ಹೋಗೂ ಪದ್ಧತಿ ಐತೇನೋ? ಇಳೀಲಿ ತಡಿ."

ಮಾತು ನ್ಯಾಯವಾಗಿತ್ತು. ಗರಡಿಗೆ ಮೊದಲ ಸಲ ಕಾಲಿಟ್ಟವನು ಗುದ್ದಲಿ ಹಿಡಿದು ಕಣದ ಮಣ್ಣು ಸಡಿಲ ಮಾಡಬೇಕು, ಆಮೇಲೆ ಉಳಿದದ್ದು. ಅಲ್ತಮಶ ಬಿಸ್ಮಿಲ್ಲಾ ಅಂದು ಚಿಟಿಕೆ ಮಣ್ಣು ಎದೆಗೆ ಸವರಿಕೊಂಡು ಇಳಿದ. ಲಕ್ಷ್ಮಣನೆಂಬ ಹುಡುಗ ಅವನ ಕೈಗೆ ಗುದ್ದಲಿ ಕೊಟ್ಟು, ಹಿಡಿಯುವ ರೀತಿ ತೋರಿಸಿದ. ಮೊದಲ ಏಟುಗಳು ಜೋರಾಗಿಯೇ ಬಿದ್ದವು. ಯಾಕೂಬಸಾಬರು ಕಟ್ಟೆಯ ಮೇಲಿಂದ "ಹಾಂ! ಹಂಗ!" ಎಂದು ಕೂಗಿದರು. ಹುಡುಗ ಅವರ ಕಡೆ ನೋಡಿ ನಕ್ಕು ಇನ್ನೂ ಜೋರಾಗಿ ಎತ್ತಿ ಹಾಕಿದ. ಕಣದ ಒಂದು ಮೂಲೆ ಮುಗಿಯುವುದರೊಳಗೆ ಅವನ ಅಂಗಿ ಮೈಗಂಟಿತು. ಬಾಯಿ ತೆರೆದುಕೊಂಡಿತು. ಉಳವಪ್ಪ "ಸಾಕು, ಕುಂದರಪಾ" ಎಂದ. ಹುಡುಗ ಕೂಡಲಿಲ್ಲ. ಅಜ್ಜ ನೋಡುತ್ತಿದ್ದಾರಲ್ಲ! ಗುದ್ದಲಿ ಇಟ್ಟು ಉಳಿದವರ ಸಾಲಿಗೆ ಹೋಗಿ ಬಸ್ಕಿಗೆ ನಿಂತ. ನಾಲ್ಕೈದು ಹೊಡೆದಿರಬಹುದು, ಮುಖ ಬಿಳಿಚಿತು. ಕಣದ ಅಂಚಿಗೆ ಓಡಿ ಮಂಡಿಯೂರಿ ಕಾರಿಕೊಂಡ.

ಬಾದಾಮಿ, ಗಸಗಸೆ, ತುಪ್ಪ, ಹಾಲು, ಬೆಳಗಿನ ಎರಡೂ ಲೋಟ ಮಣ್ಣುಪಾಲಾಯಿತು. ಹುಡುಗರು ಯಾರೂ ನಗಲಿಲ್ಲ. ಲಕ್ಷ್ಮಣ ಚೆಂಬು ನೀರು ತಂದು ಅವನ ಮುಖಕ್ಕೆ ಹಿಡಿದ. ಉಳವಪ್ಪ ತಾನೇ ಬುಟ್ಟಿಯಲ್ಲಿ ಒಣಮಣ್ಣು ತಂದು ಮೇಲೆ ಸುರಿದ. ಯಾಕೂಬಸಾಬರಿಗೆ ನಾಚಿಕೆ ತಡೆಯಲಾಗಲಿಲ್ಲ, ಆ ನಾಚಿಕೆಯೇ ಸಿಟ್ಟಾಗಿ ಹೊರಬಿತ್ತು.

"ಆಗಂಗಿಲ್ಲಂದ್ರ ಎರಡ ಲೋಟ ಯಾಕ ಕುಡದಿ?"

"ನೀನ ಕೊಟ್ಟಿ ದಾದಾ," ಎಂದ ಹುಡುಗ, ಅಂಗಿತೋಳಿನಿಂದ ಬಾಯಿ ಒರೆಸಿಕೊಂಡು.

ಉಳವಪ್ಪ ಅವನನ್ನು ಬೇವಿನ ನೆರಳಿಗೆ ಕಳಿಸಿ, ಗೆಳೆಯನ ಪಕ್ಕಕ್ಕೆ ಬಂದು ಕೂತ. "ಯಾಕೂಬಾ, ಕಣ ಅಗೀದ ನಾವು ಯಾವತ್ತರ ಹಾಲಿನ ಮಾರಿ ನೋಡೀವೇನೋ? ನಮ್ಮ ವಸ್ತಾದ ಮೊದಲ ಬೆವರ ತೋರಸ ಅಂತಿದ್ದ, ಆಮ್ಯಾಲ ಲೋಟ ತೋರಸ್ತಿದ್ದ. ಕುಡದದ್ದು ಸಂಜಿತನ ಮೈಯಾಗ ಕರಗಿ ಹೋಗತಿತ್ತು. ಇವಗ ನೀ ಲೋಟ ಅಷ್ಟ ತೋರಸೀದಿ. ಎಲುಬ ಪೈಲ್ವಾನಂದ ಐತಿ, ನಾ ಸುಳ್ಳ ಹೇಳಿಲ್ಲ. ಅದರ ಮ್ಯಾಲ ಹತ್ತಿದ ಕೊಬ್ಬ ಅವಂದಲ್ಲ, ನಿಂದು."

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಯಾಕೂಬಸಾಬರು ಎದ್ದು ಹೋಗುತ್ತಿದ್ದರು. ಏಳಲು ನೋಡಿದರು ಕೂಡ. ಆದರೆ ಬೇವಿನ ಕೆಳಗೆ ಮೊಣಕಾಲಿಗೆ ಹಣೆ ಹಚ್ಚಿ ಕೂತ ಹುಡುಗನ ಕತ್ತು ಕಣ್ಣಿಗೆ ಬಿತ್ತು. ಬೆವರು ಇಳಿದಿತ್ತು, ನೀರು ಸುರಿದಿತ್ತು, ಆ ಕಪ್ಪು ಪಟ್ಟಿ ಹಾಗೇ ಇತ್ತು. ದಿನಾ ಬೆನ್ನು ಚಪ್ಪರಿಸುತ್ತಿದ್ದವರು ಅದನ್ನು ಒಮ್ಮೆಯೂ ನೋಡಿರಲಿಲ್ಲ.

"ಉಪಾಸ ಕೆಡವಬ್ಯಾಡ ಮತ್ತ," ಎಂದ ಉಳವಪ್ಪ. "ಬೆಳಿಯೂ ಹುಡುಗ. ರೊಟ್ಟಿ, ಕಾಳಪಲ್ಯ, ತಪ್ಪಲಪಲ್ಯ ಹೊಟ್ಟಿತುಂಬ ತಿನ್ಲಿ, ಹಾಲೂ ಕುಡೀಲಿ ಒಂದ ಬಟ್ಲ. ಅಂಗಡಿ ಪಾಕೀಟಿನ ತಿನಿಸ ಬಿಡ್ಲಿ. ನಡೀಲಿ, ಆಡ್ಲಿ, ಹೊತ್ತಿಗೆ ಸರಿಯಾಗಿ ಮಲಗ್ಲಿ. ಮೈ ಹಗರಾದ ಮ್ಯಾಲ ಬೇಕಂದ್ರ ಕಣ ಐತಿ, ಬ್ಯಾಡಂದ್ರ ಇಲ್ಲ."

ಯಾಕೂಬಸಾಬರು ಕುಂಟುತ್ತ ಬೇವಿನ ಕೆಳಗೆ ಹೋದರು. ಮೊಮ್ಮಗನ ಪಕ್ಕದಲ್ಲಿ ಕೂಡಲು ಮರವನ್ನು ಹಿಡಿದುಕೊಳ್ಳಬೇಕಾಯಿತು.

"ಖುರಾಕ ನಿನಗ ಸೇರತಿರಲಿಲ್ಲೇನೋ ಬೇಟಾ?"

ಹುಡುಗ ಸೇರುತ್ತಿರಲಿಲ್ಲವೆಂದು ತಲೆಯಾಡಿಸಿದ.

"ಮತ್ತ ಬಾಯಿಬಿಟ್ಟ ಹೇಳೂದಲ್ಲಾ? ಯಾಕ ಕುಡೀತಿದ್ದಿ?"

ಅಲ್ತಮಶ ನೆಲದ ಮೇಲೆ ಬಿದ್ದ ಬೇವಿನ ಹಣ್ಣನ್ನು ಬೆರಳಿನಿಂದ ಉರುಳಿಸುತ್ತ ಹೇಳಿದ: "ಸಾಲ್ಯಾಗ ನಾ ಎದ್ದ ನಿಂತ್ರೂ ನಗತಾರ, ಕುಂತ್ರೂ ನಗತಾರ. ಅಮ್ಮಿ ನನ್ನ ನೋಡಿದ್ರ ಕಣ್ಣಾಗ ನೀರ ತರತಾಳ. ಅಬ್ಬಾ ನನ್ನ ನೋಡೂದ ಇಲ್ಲ. ನೀ ಒಬ್ಬನ ದಾದಾ ನನ್ನ ನೋಡಿ ಖುಷಿ ಆಗಾಂವ. ಲೋಟ ಖಾಲಿ ಆದ್ರ ಖುಷಿ ಆಗತಿದ್ದಿ. ಅದಕ್ಕ ಕುಡೀತಿದ್ದೆ."

ತನ್ನ ಪ್ರೀತಿಗೆ ಹುಡುಗ ದಿನಾ ಬೆಳಿಗ್ಗೆ ದಂಡ ತೆರುತ್ತಿದ್ದ, ಅದನ್ನು ತಾನು ಶಾಬ್ಬಾಸ್ ಎಂದು ವಸೂಲಿ ಮಾಡುತ್ತಿದ್ದೆನಲ್ಲ ಎಂದು ಯಾಕೂಬಸಾಬರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಹುಡುಗ ಅವರ ಮುಖ ನೋಡಿ ಏನು ತಿಳಿದುಕೊಂಡನೋ, ಹತ್ತಿರ ಸರಿದು ಪಿಸುಗುಟ್ಟಿದ: "ಅಮ್ಮಿಗೆ ನಾ ಕಾರಿದ್ದು ಹೇಳೂದು ಬ್ಯಾಡ. ಉಳವಪ್ಪಜ್ಜ ಪೈಲ್ವಾನನ ಮೈ ಅಂದಾನಲ್ಲ, ಅಷ್ಟ ಹೇಳೂನು. ನೀ ಗೆದ್ದಂಗ ಆಕ್ಕೈತಿ."

"ನಾ ಗೆದ್ರ ನೀ ಮತ್ತ ದಿನಾ ಕುಡೀಬೇಕಲ್ಲೋ?"

"ಕುಡೀತೇನಿ ಬಿಡು."

ಯಾಕೂಬಸಾಬರು ಅವನ ತಲೆಯನ್ನು ಎದೆಗೆ ಒತ್ತಿಕೊಂಡರು. ವಾಪಸು ಬರುವಾಗ ಗಾಡಿಯ ಮೇಲೆ ಒಂದೇ ಒಂದು ಕುಸ್ತಿಯ ಕಥೆ ಹೊರಬರಲಿಲ್ಲ. ಉಳವಪ್ಪ ಪೈಲ್ವಾನನ ಮೈ ಅಂದದ್ದು ನಿಜ, ಅದನ್ನಷ್ಟೇ ಹೇಳಿದರೆ ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ, ಪಣವೂ ಗೆದ್ದ ಹಾಗೆ, ಹುಡುಗನೂ ಮನೆಯಲ್ಲೇ ಉಳಿದ ಹಾಗೆ. ಈ ಲೆಕ್ಕಾಚಾರ ಅವರ ತಲೆಗೆ ಬರಲಿಲ್ಲವೆಂದರೆ ಅದು ಸುಳ್ಳಾದೀತು. ಮಲಪ್ರಭೆಯ ಸೇತುವೆಯವರೆಗೂ ಅದು ಅವರ ಜೊತೆಗೇ ಬಂತು.

ಅಂಬರೀನ ಬಾಗಿಲಲ್ಲೇ ಕಾಯುತ್ತಿದ್ದಳು. ಅಲ್ತಮಶ ಗಾಡಿಯಿಂದ ಇಳಿಯುತ್ತಲೇ, ಕಲಿತ ಪಾಠ ಒಪ್ಪಿಸುವ ಹಾಗೆ ಹೇಳಿದ: "ಅಮ್ಮಿ, ಉಳವಪ್ಪಜ್ಜ ನಂದು ಪೈಲ್ವಾನನ ಮೈ ಅಂದ. ದಾದಾ ಗೆದ್ದ."

ಅಂಬರೀನಳ ಮುಖ ಇಳಿಯಿತು. ಆದರೂ ಮಾತಿಗೆ ತಪ್ಪುವವಳಲ್ಲ. "ಆತ್ರಿ ಮಾಮಾ," ಎಂದು ತಿರುಗಿ ಒಳಗೆ ಹೊರಟಳು.

"ನಿಂದರ ಬೇಟಿ." ಯಾಕೂಬಸಾಬರು ಗಾಡಿ ಹಿಡಿದುಕೊಂಡೇ ನಿಂತಿದ್ದರು. ಓಣಿಯಲ್ಲಿ ನಾಲ್ಕು ಜನ ಇದ್ದರು, ಇರಲಿ. ದನಿ ತಗ್ಗಿಸದೆ ಹೇಳಿದರು: "ನಾ ಸೋತೇನಿ. ಕಣದಾಗ ಕಾರಿಕೊಂಡ ನನ್ನ ಹುಡುಗ. ಅವಗ ಖುರಾಕ ಒಂದ ದಿವ್ಸಾನೂ ಸೇರಿಲ್ಲಂತ. ನಾ ಖುಷಿ ಆಗತೇನಿ ಅಂತ ಕಣ್ಣ ಮುಚ್ಚಿ ಕುಡದಾನ. ನನ್ನ ಖುಷಿಗೆ ಅಂವ ಬ್ಯಾನಿ ತಗೊಳಾಕ ಹತ್ತಿದ್ದ ಬೇಟಿ. ಅವನ್ನ ಸಂಪಗಾಂವಿಗೆ ಕಳಸಬ್ಯಾಡ. ತಪ್ಪ ಮಾಡಿದಾಂವ ನಾನು. ಕಳಸೂದಿದ್ರ ನನ್ನ ಕಳಸು. ಬೈಲಹೊಂಗಲದಾಗ ನನ್ನ ತಂಗಿ ಮನಿ ಐತಿ, ಹೋಗಿ ಇರತೇನಿ."

ಹುಸೇನಮಾ ಒಳಗಿನಿಂದ ಓಡಿಬಂದು ಹೊಸ್ತಿಲಲ್ಲಿ ನಿಂತಳು. ಯಾಕೂಬಸಾಬರು ಸೋತೆ ಎಂದದ್ದನ್ನು ಅವಳೂ ಅದೇ ಮೊದಲು ಕೇಳಿದ್ದು. ಅಂಬರೀನ ಕಣ್ಣೊರೆಸಿಕೊಂಡಳು. ಮಾವನ ಕೈಯಿಂದ ಗಾಡಿ ಬಿಡಿಸಿ ಸ್ಟ್ಯಾಂಡ್ ಹಾಕಿ, ಕೀಲಿ ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಲ್ಲೂ ಹೋಗೂದು ಬ್ಯಾಡ್ರಿ ಮಾಮಾ," ಎಂದಳು. "ನಿಮ್ಮ ಖುಷಿಗೆ ಅಷ್ಟ ಹಾಲ ಕುಡದಾಂವ ನಿಮ್ಮ ಖುಷಿಗೆ ಓಡೂದಿಲ್ಲೇನ್ರಿ? ಇವತ್ತಿಂದ ಅಂವ ನಡದಿದ್ದ ನೋಡಿ ಶಾಬ್ಬಾಸ್ ಅನ್ರಿ. ನಿಮ್ಮಷ್ಟ ಜೋರ ಅನ್ನಾಕ ನಮಗ ಯಾರಿಗೂ ಬರೂದಿಲ್ಲ."

ಯಾಕೂಬಸಾಬರು ಅವಳನ್ನು ನೋಡಿದರು, ಹುಡುಗನನ್ನು ನೋಡಿದರು. ಅಲ್ತಮಶ ಅಜ್ಜನ ಮುಖವನ್ನೇ ನೋಡುತ್ತಿದ್ದ. ಅವರು ಸೊಂಟದ ಮೇಲೆ ಕೈಯಿಟ್ಟು ಮೈ ನೆಟ್ಟಗೆ ಮಾಡಿ, "ನಡಿಯೋ ನನ್ನ ಹುಲಿ, ಹೊಳೀ ದಂಡಿಗೆ ಹೋಗಿ ಬರೂನು. ನನ್ನ ಮೊಣಕಾಲ ನೂಸಾಕ ಹತ್ತಿದ್ರ ನೀನ ಕೈ ಹಿಡೀಬೇಕ ನೋಡು," ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು.